ಬಲಗಿವಿಯ ಗಂಟು

ಮುಂಬೈ ನೋಡಿದ್ದೀಯಾ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ನೋಡಿದ್ದೇನೆ. ಹನ್ನೆರಡನೆಯ ವಯಸ್ಸಿನಲ್ಲಿ, ಬೇಸಿಗೆ ರಜೆಯಲ್ಲಿ, ಗೆಳತಿ ರೇಣುಕಾಳ, ಅಂದರೆ ನಮ್ಮ ರೇಣಿಯ, ಜೊತೆ ಎಂಟು ದಿನ ಇದ್ದು ಬಂದಿದ್ದೇನೆ. ಆ ಎಂಟು ದಿನಗಳಲ್ಲಿ ಏಳು ಮನೆಗಳ ಮೆಟ್ಟಿಲು ಹತ್ತಿದ್ದೇನೆ, ಏಳೂ ಮನೆಗಳಲ್ಲಿ ಬೇಡ ಬೇಡವೆಂದರೂ ಚಹಾ ಕುಡಿದಿದ್ದೇನೆ, ಊರಿನ ಕಡೆ ಮಳೆ ಆಯಿತೇ ಎಂಬ ಪ್ರಶ್ನೆಗೆ ಏಳು ಸಲ ಉತ್ತರ ಕೊಟ್ಟಿದ್ದೇನೆ. ಸಮುದ್ರವನ್ನು ಮಾತ್ರ ನೋಡಲಿಲ್ಲ. ನಾನು ಹೋಗಿದ್ದೇ ಸಮುದ್ರ ನೋಡಲಿಕ್ಕೆ. ಇದರಲ್ಲಿ ತಪ್ಪು ಯಾರದು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಪ್ರತಿ ಸಲವೂ ಅದು ಅನಗವಾಡಿಯ ನಮ್ಮ ಮನೆಯ ಪಡಸಾಲೆಗೆ, ಅಲ್ಲಿ ಕಾಲು ಚಾಚಿ ಕೂತು ಗಂಟು ಕಟ್ಟುತ್ತಿದ್ದ ಆಯಿಯ ಹತ್ತಿರಕ್ಕೇ ಹೋಗಿ ನಿಲ್ಲುತ್ತದೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಎಡಕ್ಕೆ ಕುರಿಹಟ್ಟಿ, ಬಲಕ್ಕೆ ಪಡಸಾಲೆ, ಒಳಗೆ ಅಡುಗೆಮನೆ. ಅಡುಗೆಮನೆಯ ಮೂಲೆಯಲ್ಲೇ ಮನೆದೇವರು ಬೀರಪ್ಪನ ಜಗಲಿ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ತುಂಡು ಇಳಿದು ಹೊತ್ತು ಏರಿದ ಹಾಗೆ ನೆಲದ ಮೇಲೆ ಸರಿಯುತ್ತಿತ್ತು. ಅದು ಒಲೆಯ ಹತ್ತಿರ ಬಂದರೆ ಊಟದ ಹೊತ್ತು, ಬೀಸುವ ಕಲ್ಲಿನ ಹತ್ತಿರ ಬಂದರೆ ಕುರಿಗಳಿಗೆ ನೀರು ಇಡುವ ಹೊತ್ತು. ಆ ಮನೆಯಲ್ಲಿ ಗಡಿಯಾರ ಇತ್ತು, ಆದರೆ ಅದನ್ನು ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಓದು ಬರಹವೂ ಹಾಗೆಯೇ. ಆಯಿಗೆ ಒಂದಕ್ಷರ ಬರುತ್ತಿರಲಿಲ್ಲ, ಬರುವುದಿಲ್ಲ ಎಂಬ ಅಳುಕೂ ಇರಲಿಲ್ಲ. ಅವಳಿಗೆ ಗುರುತು ಸಾಕಾಗಿತ್ತು. ನಮ್ಮ ಕುರಿಗಳ ಬಲಗಿವಿಗೆ ಕೆಂಪು ಕಾವಿ ಬಳಿಯುತ್ತಿದ್ದಳು. ನಮ್ಮ ಹಿಂಡಿನ ಜೊತೆ ಮೇಯಲು ಬಿಟ್ಟ ಬೇರೆಯವರ ಕುರಿಗಳಿಗೆ ಎಡಗಿವಿ. ಹೊಳೆಯ ದಂಡೆಯಲ್ಲಿ ನಾಲ್ಕು ಹಿಂಡು ಕೂಡಿಕೊಂಡರೂ ಆಯಿ ಇಲ್ಲಿಂದಲೇ ಕಣ್ಣು ಕಿರಿದು ಮಾಡಿ ನಮ್ಮದು ಯಾವುದು, ಪರರದು ಯಾವುದು ಎಂದು ಹೇಳಿಬಿಡುತ್ತಿದ್ದಳು. ಮನೆಯಲ್ಲಿ ಎಲ್ಲಕ್ಕೂ ಇದೇ ಕಾನೂನು. ಹಪ್ಪಳದ ಡಬ್ಬಿಗೂ ಬಲಗಡೆ ಕಾವಿ ಇದ್ದರೆ ನಮ್ಮದು, ಎಡಗಡೆ ಇದ್ದರೆ ತಿರುಗಿ ಕೊಡಬೇಕಾದದ್ದು.

ಆ ಮನೆಯಲ್ಲಿ ಒಂದು ಜಗಳ ಇತ್ತು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಅಪ್ಪನ ತಂಗಿ ಶಾಂತತ್ತೆ ಮದುವೆಯಾಗಿ ಮುಂಬೈಯಲ್ಲಿದ್ದಳು, ಮಕ್ಕಳಿರಲಿಲ್ಲ. ನನ್ನ ತಮ್ಮನನ್ನು ತೊಟ್ಟಿಲಿಗೆ ಹಾಕುವ ದಿನ ಅವಳು ಕೂಸಿನ ತಲೆಗೆ ತಾನೇ ಹೊಲಿದ ಕುಲಾವಿ ಹಿಡಿದುಕೊಂಡು ಬಂದಿದ್ದಳು. ಐದು ಜನ ಮುತ್ತೈದೆಯರು ತೊಟ್ಟಿಲ ಸುತ್ತ ನಿಲ್ಲಬೇಕು. ಶಾಂತತ್ತೆ ನಾಲ್ಕನೆಯವಳಾಗಿ ಹೋಗಿ ನಿಂತಳು. ನೆರೆದ ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ಆಯಿ, ಎಲ್ಲರೂ ಕೇಳುವ ಹಾಗೆ, ಬಹಳ ಮೆತ್ತಗೆ ಹೇಳಿದಳು:

"ಶಾಂತಾ, ನೀ ಒಳಗ ಹೋಗಿ ಹುಗ್ಗಿ ನೋಡು, ಅಡಿ ಹತ್ತೀತು."

ಹುಗ್ಗಿ ಆಗಲೇ ಇಳಿಸಿ ಆಗಿತ್ತು. ಅದು ಆಯಿಗೂ ಗೊತ್ತು, ಅತ್ತೆಗೂ ಗೊತ್ತು, ಏಣಿಯ ಮೆಟ್ಟಿಲ ಮೇಲೆ ಕೂತಿದ್ದ ಎಂಟು ವರ್ಷದ ನನಗೂ ಗೊತ್ತು. ಅತ್ತೆ ಒಳಗೆ ಹೋಗಲಿಲ್ಲ. ಕುಲಾವಿಯನ್ನು ಬೀಸುವ ಕಲ್ಲಿನ ಮೇಲೆ ಇಟ್ಟು, ಬ್ಯಾಗು ತೆಗೆದುಕೊಂಡು, ಉಣ್ಣದೆ ಮುಧೋಳದ ಬಸ್ಸು ಹತ್ತಿದಳು. ಆಮೇಲೆ ನಾಲ್ಕು ವರ್ಷ ಬರಲಿಲ್ಲ. ಆಯಿ ತಪ್ಪಾಯಿತು ಎನ್ನಲಿಲ್ಲ, ಫೋನಿನಲ್ಲೂ ಮಾತಾಡಲಿಲ್ಲ. ಆದರೆ ಊರಿನವರು ಯಾರೇ ಮುಂಬೈಗೆ ಹೊರಡಲಿ, ಅವರ ಕೈಯಲ್ಲಿ ಶಾಂತತ್ತೆಗೆ ಒಂದು ಗಂಟು ಹೋಗುತ್ತಿತ್ತು: ಒಣಗಿಸಿದ ಕಟಕರೊಟ್ಟಿ, ಶೇಂಗಾ ಹಿಂಡಿ ಎನ್ನುವ ಖಾರದ ಚಟ್ನಿಪುಡಿ, ಬೆಲ್ಲ. ಅತ್ತೆ ಆ ಗಂಟನ್ನು ಬಿಚ್ಚದೆ ನೆರೆಮನೆಯವರಿಗೆ ಕೊಟ್ಟುಬಿಡುತ್ತಾಳೆ ಎಂದು ಯಾರೋ ಬಂದು ಹೇಳಿದ್ದರು. ಆಯಿ ಅದನ್ನು ಕೇಳಿಸಿಕೊಂಡು, ಮುಂದಿನ ಸಲದ ಗಂಟಿಗೆ ಇನ್ನೂ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದಳು.

ಇಂಥದ್ದರಲ್ಲಿ ರೇಣಿಯ ಸೋದರಮಾವ ಪರಸಪ್ಪ ಮಾಮಾ ಮುಂಬೈ ಹತ್ತಿರದ ಡೊಂಬಿವಲಿಯಿಂದ ಬಂದವನು, ರೇಣಿಯನ್ನು ರಜೆಗೆ ಕರೆದುಕೊಂಡು ಹೋಗುತ್ತೇನೆ ಎಂದ. ರೇಣಿಯ ತಂದೆಯ ಕಿರಾಣಿ ಅಂಗಡಿ ನಮ್ಮ ಓಣಿಯ ತುದಿಗೇ ಇತ್ತು. ನಾನು ಮೂರು ದಿನ ಅನ್ನ ಬಿಟ್ಟು, ಅಪ್ಪನ ಬೆನ್ನು ಹತ್ತಿ, ನಾನೂ ಹೋಗುವುದಕ್ಕೆ ಒಪ್ಪಿಗೆ ಪಡೆದೆ. ಅಪ್ಪ ಹೇಳಿದ್ದು ಒಂದೇ ಮಾತು:

"ಸಮುದ್ರ ನೋಡಾಕ ಅಷ್ಟ ದೂರ ಯಾಕ ಬೇ? ಮಳಿಗಾಲದಾಗ ನಮ್ಮ ಹೊಳಿ ತುಂಬಿದ್ರ ಆಚಿ ದಂಡಿ ಕಾಣ್ತೈತೇನು?"

ಕಾಣುತ್ತಿತ್ತು. ಸೇತುವೆಯ ಮೇಲೆ ನಿಂತರೆ ಆಚೆ ದಂಡೆಯ ಕಬ್ಬಿನ ಗದ್ದೆ ಚೆನ್ನಾಗಿಯೇ ಕಾಣುತ್ತಿತ್ತು. ನನಗೆ ಆಚೆ ದಂಡೆಯೇ ಇಲ್ಲದ ನೀರು ನೋಡಬೇಕಿತ್ತು.

ನಾನು ಹೊರಡುವ ಸುದ್ದಿ ಓಣಿಯಲ್ಲಿ ಹಬ್ಬಿದ್ದೇ ತಡ, ಗಂಟುಗಳು ಬರತೊಡಗಿದವು. ಮುಂಬೈಯಲ್ಲಿ ಮಗನಿದ್ದವರು, ಅಳಿಯನಿದ್ದವರು, ಯಾವುದೋ ಕಾಲದ ಪರಿಚಯದವರಿದ್ದವರು, ಎಲ್ಲರೂ ಬಂದರು. "ಹೆಂಗೂ ಹೊಂಟೀರಿ, ಇದೊಂದು ಮುಟ್ಟಿಸಿಬಿಡ್ರಿ" ಎನ್ನುವ ಮಾತಿಗೆ ನಮ್ಮ ಕಡೆ ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಐದು ಮನೆಯವರು ತಂದುಕೊಟ್ಟರು. ಅವು ಬೇರೆ ಬೇರೆ ಆಕಾರದ ಚೀಲ, ಡಬ್ಬಿ. ಉಳಿದ ಎರಡನ್ನು ಆಯಿಯೇ ಕಟ್ಟಿದಳು. ಒಂದು ಎಂದಿನಂತೆ ಶಾಂತತ್ತೆಗೆ. ಇನ್ನೊಂದು ಪಕ್ಕದ ಮನೆಯ ಬಸಕ್ಕಜ್ಜಿಯ ಮಗಳು ಕಮಲವ್ವಳಿಗೆ. ಕಮಲವ್ವ ಪನವೇಲಿನಲ್ಲಿ ಎರಡನೆಯ ಕೂಸು ಹಡೆದಿದ್ದಳು. ಊರಿನಲ್ಲಿ ಬಾಣಂತಿಗೆ ಅಂಟಿನುಂಡಿ ಕಟ್ಟಬೇಕೆಂದರೆ ಆಯಿಯ ಕೈಯೇ ಆಗಬೇಕು. ಕೊಬ್ಬರಿ, ಉತ್ತತ್ತಿ, ಗಸಗಸೆ, ತುಪ್ಪದಲ್ಲಿ ಹುರಿದ ಅಂಟು, ಎಲ್ಲವನ್ನೂ ಬಸಕ್ಕಜ್ಜಿ ತಂದುಕೊಟ್ಟಳು. ಆಯಿ ಎರಡು ದಿನ ಕೂತು ಇಪ್ಪತ್ತೊಂದು ಉಂಡೆ ಕಟ್ಟಿದಳು. ಅದರ ಜೊತೆ ಕೂಸಿಗೆ ತೇಯ್ದು ನೆಕ್ಕಿಸುವ ಒಂದು ಬಜೆಯ ಬೇರು, ಹಸಿರು ಅಂಚಿನ ಒಂದು ಕುಲಾವಿ. ಎರಡೂ ಗಂಟುಗಳನ್ನು ಅಜ್ಜನ ಹಳೆಯ ಧೋತರದ ಬಟ್ಟೆಯಲ್ಲೇ ಕಟ್ಟಿದ್ದಳು. ಗಂಟು ಬಿಗಿದ ಮೇಲೆ ಬಟ್ಟೆಯ ತುದಿಗಳು ಎರಡು ಕಿವಿಗಳ ಹಾಗೆ ಮೇಲೆ ನಿಂತವು. ಆಯಿ ಕಾವಿಯ ಬಟ್ಟಲು ತಂದು ಬೆರಳು ಅದ್ದಿದಳು.

"ಭಾಗಿ, ಛಲೋತ್ನಂಗ ನೋಡ್ಕೊ. ಬಲಗಿವಿಗೆ ಕಾವಿ ಇದ್ದದ್ದು ನಮ್ಮದು, ಶಾಂತಾಂದು. ಎಡಗಿವೀದು ಕಮಲವ್ವಂದು. ತಿಳೀತಿಲ್ಲೊ?"

"ತಿಳೀತಾಯಿ."

"ಹೆಸರು ಬರೀಲೇನು ಮ್ಯಾಲ?" ಎಂದು ರೇಣಿ ಪೆನ್ನು ತೆಗೆದಳು.

"ಏ, ಕುರಿ ಮ್ಯಾಲ ಹೆಸರು ಬರೀತಾರೇನ ಯಾರರೆ?" ಎಂದಳು ಆಯಿ. ಪೆನ್ನು ಒಳಗೆ ಹೋಯಿತು.

ಕುರಿಗೆ ಮುಖ ಇರುತ್ತದೆ. ಅದು ಯಾವ ಕಡೆ ತಿರುಗಿ ನಿಂತರೂ ಅದರ ಬಲಗಿವಿ ಬಲಗಿವಿಯೇ. ಗಂಟಿಗೆ ಮುಖ ಇಲ್ಲ. ಈ ಸರಳ ವಿಷಯ ಅರವತ್ತು ವರ್ಷ ಕುರಿ ಕಾಯ್ದ ಆಯಿಗೂ ಹೊಳೆಯಲಿಲ್ಲ, ಏಳನೆಯ ತರಗತಿಗೆ ಹೋಗಲಿದ್ದ ನನಗೂ ಹೊಳೆಯಲಿಲ್ಲ. ಬಸ್ಸಿನ ಸೀಟಿನ ಕೆಳಗೆ ಇಟ್ಟಾಗ, ತೆಗೆದಾಗ, ಲೋಕಲ್ ರೈಲಿನಲ್ಲಿ ತಲೆಯ ಮೇಲಿನ ಹಲಗೆಗೆ ಏರಿಸಿದಾಗ ಅವು ಎಷ್ಟು ಸಲ ಹಿಂದುಮುಂದಾದವೋ ದೇವರೇ ಬಲ್ಲ.

ಮುಂಬೈ ಚೆಂದವೇ ಇತ್ತು, ಸುಳ್ಳು ಹೇಳಬಾರದು. ರೇಣಿ ಮತ್ತು ನಾನು ಲೋಕಲ್ ರೈಲಿನ ಬಾಗಿಲ ಕಂಬ ಹಿಡಿದು ಕೂದಲು ಹಾರಿಸಿಕೊಂಡು ನಿಂತೆವು, ಮಾಮಾನ ಹೆಂಡತಿ ಮಾಮಿಯ ಕೈಯಲ್ಲಿ ಬೈಸಿಕೊಂಡೆವು. ಕೆಂಪು ಐಸ್ ಗೋಲಾ ಚೀಪಿ ನಾಲಿಗೆ ಹೊರಹಾಕಿ ಒಬ್ಬರಿಗೊಬ್ಬರು ತೋರಿಸಿಕೊಂಡೆವು. ವಡಾಪಾವಿನ ಒಳಗಿನ ಮೆಣಸಿನಕಾಯಿ ಖಾರವೇ ಇಲ್ಲವೆಂದು ಇಬ್ಬರೂ ನಕ್ಕೆವು. ಆದರೆ ಮಾಮಾನಿಗೆ ಫ್ಯಾಕ್ಟರಿಯ ಪಾಳಿ, ರಜೆ ರವಿವಾರ ಮಾತ್ರ. ಸಮುದ್ರ ಅಲ್ಲಿಂದ ಬಹಳ ದೂರ, ಅದಕ್ಕೆ ಒಂದಿಡೀ ದಿನ ಬೇಕು. ರವಿವಾರ ಸಮುದ್ರ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಮಾಮಿಯ ಹಿಂದೆ ಗಂಟು ಮುಟ್ಟಿಸುವ ಕೆಲಸ. ದಿನವೂ ಸಂಜೆ ಅಪ್ಪನ ಫೋನಿನಿಂದ ಆಯಿಯ ಕರೆ. ದೂರದ ಊರಿಗೆ ದೊಡ್ಡ ದನಿ ಬೇಕೆಂದು ಅವಳ ನಂಬಿಕೆ. ಫೋನು ಕಿವಿಯಿಂದ ಮೊಳದೂರ ಹಿಡಿದರೂ ಕೇಳುತ್ತಿತ್ತು.

"ಎಷ್ಟು ಮುಟ್ಟಿಸಿದ್ಯಬೇ?"

"ನಾಕ ಆದೂ ಆಯಿ."

"ಇನ್ನೂ ನಾಕ ಏನು? ಏನ್ ಮಾಡಾಕತ್ತೀರಿ ಅಲ್ಲಿ, ಆಟ ಆಡಾಕತ್ತೀರೇನು?"

ರಜೆಗೆ ಬಂದ ಹುಡುಗಿ ಆಟ ಆಡುವುದು ತಪ್ಪಾಗಿತ್ತು. ಮಂಗಳವಾರ ಭಾಂಡುಪದ ಗುಡ್ಡದ ಮೇಲಿನ, ಸಾಲು ಕೋಣೆಗಳ ಚಾಳಿಗೆ ಹೋದಾಗ ಶಾಂತತ್ತೆ ಮನೆಯಲ್ಲಿರಲಿಲ್ಲ, ಕೆಲಸಕ್ಕೆ ಹೋಗಿದ್ದಳು. ಬಲಗಿವಿಗೆ ಕಾವಿ ಇದ್ದ ಗಂಟನ್ನು ನೋಡಿ ನೋಡಿ ಆರಿಸಿ, ಪಕ್ಕದ ಕೋಣೆಯವರ ಕೈಯಲ್ಲಿ ಕೊಟ್ಟು ಬಂದೆವು. ಶನಿವಾರ ಪನವೇಲಿಗೆ ಹೋದೆವು. ಕಮಲವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳ ಅತ್ತೆ ನಮ್ಮೆದುರಿಗೇ ಗಂಟು ಬಿಚ್ಚಿದಳು. ಒಳಗೆ ಕಟಕರೊಟ್ಟಿ. ಅದರ ಕೆಳಗೆ ಕೆಂಪಗೆ ಉರಿಯುವ ಶೇಂಗಾ ಹಿಂಡಿ.

"ಹಸಿ ಬಾಣಂತಿಗೆ ಖಾರದ ಹಿಂಡಿ ಕಳಿಸ್ಯಾರಲ್ಲ ನಿನ್ನ ತವರವರು!" ಎಂದಳು ಆ ಮುದುಕಿ. "ಕೂಸಿನ ಹೊಟ್ಟಿ ಸುಡಬೇಕಂತ ಮಾಡ್ಯಾರೇನು?"

ಕಮಲವ್ವ ಮುಖ ತಗ್ಗಿಸಿದಳು. ಅಂದರೆ ಅಂಟಿನುಂಡಿ ಎಲ್ಲಿ ಹೋಯಿತು? ಬಜೆ? ಕುಲಾವಿ? ಮಕ್ಕಳಿಲ್ಲದ ಅತ್ತೆಯ ಮನೆಗೆ, ತೊಟ್ಟಿಲ ಹತ್ತಿರದಿಂದ ಒಳಗೆ ಕಳಿಸಿದ ತಾಯಿಯ ಕೈಯಿಂದ, ಬಾಣಂತಿಯ ಗಂಟು ಹೋಗಿ ಮುಟ್ಟಿತ್ತು.

ಅವತ್ತು ಸಂಜೆ ಆಯಿಗೆ ಹೇಳಲೇಬೇಕಾಯಿತು. ಫೋನಿನಲ್ಲಿ ಮೊದಲ ಸಲ ಅವಳ ದನಿ ಸಣ್ಣದಾಯಿತು.

"ಶಾಂತಾ ಬಿಚ್ಚಿರೂದಿಲ್ಲ ಬೇ. ನಾ ಕಳಿಸಿದ್ದನ್ನ ಆಕಿ ಬಿಚ್ಚೂದಿಲ್ಲ. ನಾಳಿ ಮುಂಜಾನೆದ್ದು ಹೋಗಿ ತಗೊಂಡು ಬಾ. ಆ ಕುಲಾವಿ ನೋಡಿದಳಂದ್ರ, ನಾ ಬೇಕಂತ ಚುಚ್ಚಾಕ ಕಳಿಸೇನಂತಾಳ. ಮತ್ತ ಆಕಿ ಮಾರಿ ನಾ ಸಾಯೂತನಾ ನೋಡಂಗಿಲ್ಲ."

"ನಾಳಿ ಸಮುದ್ರಕ್ಕ ಹೊಂಟೇವಿ ಆಯಿ."

"ಸಮುದ್ರ ಸುಟ್ಟಬರ್ಲಿ. ಹೋಗಂದ್ರ ಹೋಗು."

ಸೋಮವಾರ ಸಂಜೆ ನಮ್ಮ ಬಸ್ಸು. ರವಿವಾರ ಬಿಟ್ಟರೆ ಇನ್ನೊಂದು ದಿನ ಇರಲಿಲ್ಲ. ನಾನು ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತ, ಬಕೆಟ್ಟಿಗೆ ಒದ್ದು ಕಾಲು ನೋಯಿಸಿಕೊಂಡೆ. ಮರುದಿನ ಬೆಳಿಗ್ಗೆ ಪರಸಪ್ಪ ಮಾಮಾ ರೇಣಿಯನ್ನೂ ತನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಸಮುದ್ರಕ್ಕೆ ಹೊರಟ. ರೇಣಿ ಹೊಸ ಫ್ರಾಕು ಹಾಕಿಕೊಂಡಿದ್ದಳು. ನಾನೂ ಬರುವುದಿಲ್ಲ, ನಿನ್ನ ಜೊತೆ ಇರುತ್ತೇನೆ ಎಂದು ಅವಳು ಅನ್ನಬಹುದೆಂದು ನಾನು ಬಾಗಿಲಲ್ಲಿ ನಿಂತು ಕಾದೆ. ಅವಳು ಅಂದದ್ದು ಇಷ್ಟು:

"ನಿನಗೊಂದು ಶಂಖ ತರ್ತೀನಿ ತಗೊ."

ಮಾಮಿಗೂ ಸಿಟ್ಟು. ವಾರಕ್ಕೊಂದು ದಿನ ಗಂಡ ಮಕ್ಕಳ ಜೊತೆ ಹೊರಗೆ ಹೋಗುವವಳು, ಯಾರದೋ ಮನೆಯ ಉಂಡೆಗಾಗಿ ನನ್ನ ಕೈ ಹಿಡಿದು ರೈಲು ಹತ್ತಬೇಕಾಯಿತು. ನಾನು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ, ಅತ್ತೆ ಬೈದರೆ ಏನು ಹೇಳುವುದು, ಗಂಟನ್ನು ಎಸೆದಿದ್ದರೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆ. ಒಳಗೊಳಗೇ ಆಯಿಯನ್ನು, ಅತ್ತೆಯನ್ನು, ಕಮಲವ್ವಳನ್ನು, ಅವಳ ಕೂಸನ್ನು ಸಹ ಬೈದೆ.

ಚಾಳಿನ ಕೋಣೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲು ದಾಟುವ ಮೊದಲೇ ನನಗೆ ನಮ್ಮ ಮನೆಯ ವಾಸನೆ ಬಂತು: ತುಪ್ಪ, ಹುರಿದ ಅಂಟು, ಗಸಗಸೆ. ಒಂದೇ ಕೋಣೆ; ಮೂಲೆಯಲ್ಲಿ ಗ್ಯಾಸಿನ ಒಲೆ, ಗೂಡಿನಲ್ಲಿ ಬೀರಪ್ಪನ ಭಂಡಾರದ, ಅಂದರೆ ಅರಿಶಿನದ, ಬಟ್ಟಲು. ಅದರ ಮೇಲಿನ ಮೊಳೆಗೆ ಹಸಿರು ಅಂಚಿನ ಕುಲಾವಿ ತೂಗುಹಾಕಿತ್ತು. ಬಿಚ್ಚಿಬಿಟ್ಟಿದ್ದಾಳೆ. ಶಾಂತತ್ತೆ ಎದ್ದು ಬಂದು ನನ್ನ ಗಲ್ಲ ಹಿಡಿದು, ಎಷ್ಟು ಉದ್ದ ಬೆಳೆದಿದ್ದೀ ಎಂದು ಎರಡೆರಡು ಸಲ ಅಂದಳು. ಚಹಾ ಇಟ್ಟಳು. ಆಮೇಲೆ ಡಬ್ಬಿ ತೆಗೆದು ನನ್ನ ಕೈಗೂ ಮಾಮಿಯ ಕೈಗೂ ಒಂದೊಂದು ಅಂಟಿನುಂಡಿ ಇಟ್ಟಳು. ಕಮಲವ್ವಳ ಉಂಡೆ.

"ಅತ್ತಿ, ಆ ಗಂಟು..." ಎಂದು ಶುರು ಮಾಡಿದೆ.

"ಅವ್ವಗ ಯಾರು ಹೇಳಿದ್ರ ಭಾಗಿ?" ಎಂದಳು ಅತ್ತೆ.

ಏನನ್ನು ಯಾರು ಹೇಳಿದ್ದು ಎಂದು ನಾನು ಮಾಮಿಯ ಮುಖ ನೋಡಿದೆ. ಅತ್ತೆ ನೆಲದ ಮೇಲೆ ಕೂತು, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಮಾಮಿಯ ಕಡೆ ತಿರುಗಿ ಹೇಳಿದಳು:

"ದೀಪಾವಳಿ ಮುಂದ ಹೋತ್ರಿ ಅಕ್ಕಾ. ಆರು ತಿಂಗಳದ್ದು. ಗಂಡಸ ಕೂಸು. ಬಸರು ನಿಂತೈತಿ ಅಂತ ಯಾರಿಗೂ ಹೇಳಿದ್ದಿಲ್ಲ, ಹೋದಮ್ಯಾಲ ಹೇಳೂದೇನೈತಿ? ಎದಿಯಾಗ ಹಾಲ ಬಂದಿತ್ತರಿ. ನಾನೂ ಬಾಣಂತೀನ ಇದ್ನಿ, ಕೂಸ ಇರಲಿಲ್ಲಷ್ಟ. ಯಾರೂ ಒಂದು ಉಂಡಿ ಕೈಯಾಗಿಡಲಿಲ್ಲ. ಮೂರನೇ ದಿನಕ್ಕ ಕೆಲಸಕ್ಕ ಹೋದ್ನಿ."

ಉಂಡೆಯ ಡಬ್ಬಿಗೆ ಮುಚ್ಚಳ ಹಾಕಿ ಮತ್ತೆ ಹೇಳಿದಳು:

"ಅವ್ವನ ಗಂಟು ನಾ ಬಿಚ್ಚತಿದ್ದಿಲ್ಲ. ಈ ಸಲ ವಾಸನಿ ಬಂತು. ಬಿಚ್ಚಿ ನೋಡಿದ್ರ... ಆಕಿಗೆ ಹೆಂಗೋ ಗೊತ್ತಾಗೇತಿ. ಕೂಸಿಗಂತ ಕುಲಾವೀನೂ ಹೊಲದ ಕಳಿಸ್ಯಾಳ ನೋಡ್ರಿ, ಇಲ್ಲದ ಕೂಸಿಗೆ."

ಮಾಮಿ ನನ್ನನ್ನು ನೋಡಿದಳು. ಅವಳು ಕೆಟ್ಟವಳಲ್ಲ, ಆದರೆ ಹಿಡಿದ ಕೆಲಸ ಮುಗಿಸಿಯೇ ಏಳುವ ಹೆಂಗಸು. "ಅದೂ, ಶಾಂತಕ್ಕಾ..." ಎಂದು ಬಾಯಿ ತೆರೆದಳು. ನಾನು ಅವಳ ಮೊಣಕೈಯನ್ನು ಎಷ್ಟು ಜೋರಾಗಿ ಚಿವುಟಿದೆನೆಂದರೆ ಅವಳ ಕೈಯ ಚಹಾ ತಟ್ಟೆಗೆ ಚೆಲ್ಲಿತು. ಆಮೇಲೆ ನಾನು, ಇದುವರೆಗೆ ಆಯಿಯ ಹೆಸರಿನಲ್ಲಿ ಒಂದು ಸುಳ್ಳನ್ನೂ ಹೇಳಿರದವಳು, ಕೇಳಿದೆ:

"ಉಂಡಿ ಹೆಂಗಾಗ್ಯಾವ ಅಂತ ಆಯಿ ಕೇಳ್ಕೊಂಡು ಬಾ ಅಂದಾಳತ್ತಿ."

ಅತ್ತೆ ಕಣ್ಣು ಒರೆಸಿಕೊಂಡು, ನಮ್ಮ ಮನೆಯವರಿಗೇ ಬರುವ ಆ ಬಿಂಕದ ದನಿಯಲ್ಲಿ ಹೇಳಿದಳು:

"ಉತ್ತತ್ತಿ ಕಡಿಮಿ ಆಗ್ಯಾವಂತ ಹೇಳು. ಮೊದಲಿಂದೂ ಆಕಿ ಉತ್ತತ್ತಿಗೆ ಕೈ ಹಿಡೀತಾಳ."

ನಾಲ್ಕು ವರ್ಷದ ಮೇಲೆ ಮಗಳು ತಾಯಿಗೆ ಕಳಿಸಿದ ಮೊದಲ ಮಾತು ಇದು. ಸಂಜೆ ಫೋನು ಬಂದಾಗ ನಾನು ಎಲ್ಲವನ್ನೂ ಹೇಳಿದೆ, ದೀಪಾವಳಿಯ ಮುಂಚಿನದನ್ನೂ ಸೇರಿಸಿ.

"ನಾ ತಿಳದ ಕಳಿಸೇನಂತಾಳೇನು?" ಎಂದಳು ಆಯಿ.

"ಹೂಂ."

"ನೀ ಇಲ್ಲ ಅನ್ನಲಿಲ್ಲಲ್ಲ?"

"ಇಲ್ಲಾಯಿ."

"ದಿನಕ್ಕ ಎಷ್ಟು ತಿಂತಾಳಂತ?"

"ಒಂದು."

"ಎರಡ ತಿನ್ನಾಕ ಹೇಳು," ಎಂದಳು ಆಯಿ. ಅವಳ ದನಿ ಒಡೆದು, ಫೋನು ಅಪ್ಪನ ಕೈಗೆ ಹೋಯಿತು. ಅಪ್ಪ ಏನಾಯಿತೆಂದು ತಿಳಿಯದೆ ನನ್ನನ್ನೇ ಬೈದ.

ರೇಣಿ ಸಂಜೆ ಬಂದಳು. ಫ್ರಾಕಿನ ಅಂಚು ಒದ್ದೆ, ಜಡೆಯ ತುಂಬ ಮರಳು. ಶಂಖ ತಂದಿರಲಿಲ್ಲ, ಮರೆತಿದ್ದಳು. ಸಮುದ್ರ ಹೇಗಿತ್ತು ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು:

"ನೀರು. ಭಾಳ ನೀರು."

ಅಷ್ಟೇ. ಇಡೀ ಸಮುದ್ರವನ್ನು ನೋಡಿ ಬಂದವಳು ಅಷ್ಟೇ ಹೇಳಿದಳು. ಅವಳನ್ನು ಅಲ್ಲೇ ಹಿಡಿದು ಬಡಿಯಬೇಕೆನಿಸಿತು. ಊರಿಗೆ ಹೋದ ಮೇಲೆ ಹದಿನೈದು ದಿನ ಅವಳ ಜೊತೆ ಮಾತು ಬಿಟ್ಟೆ. ಆಯಿ ಬಸಕ್ಕಜ್ಜಿಯ ಮುಂದೆ ತಪ್ಪು ಒಪ್ಪಿಕೊಂಡು, ತನ್ನ ಖರ್ಚಿನಲ್ಲೇ ಇನ್ನೊಂದು ಸಲ ಉಂಡೆ ಕಟ್ಟಿ ಕಮಲವ್ವಳಿಗೆ ಕಳಿಸಿದಳು. ಆ ಗಂಟಿನ ಮೇಲೆ ಹೆಸರು ಬರೆಯಲು ರೇಣಿಯನ್ನೇ ಕರೆಸಿದಳು. ನನ್ನ ಅಕ್ಷರ ಅವಳಿಗೆ ಸಾಲಲಿಲ್ಲ. ನನ್ನ ಸಮುದ್ರದ ಸುದ್ದಿಯನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೇ ಎತ್ತಿದರೆ ನನ್ನ ಅವ್ವ, "ಹೊಳ್ಯಾಗ ಹೋಗಿ ಈಸ ಹೋಗು" ಎನ್ನುತ್ತಿದ್ದಳು.

ಆ ವರ್ಷದ ದೀಪಾವಳಿಗೆ ಶಾಂತತ್ತೆ ಬಂದಳು. ತಾಯಿ ಮಗಳು ಅಪ್ಪಿಕೊಂಡು ಅಳುವುದೇನೂ ನಡೆಯಲಿಲ್ಲ. ಅತ್ತೆ ಬಂದವಳೇ ಅಡುಗೆಮನೆಗೆ ಹೋಗಿ ಉತ್ತತ್ತಿಯ ಡಬ್ಬಿ ತೆಗೆದು ಇಷ್ಟೇ ಏನು ಎಂದಳು. ಆಯಿ ಅಷ್ಟೇ ಎಂದಳು. ಇಬ್ಬರೂ ಎದುರುಬದುರು ಕೂತು ಬೀಜ ತೆಗೆಯತೊಡಗಿದರು. ಆಮೇಲೆ ಅತ್ತೆ ವರ್ಷಕ್ಕೊಂದು ಸಲ ತಪ್ಪದೆ ಬಂದಳು. ಮಕ್ಕಳು ಆಗಲಿಲ್ಲ. ಆಯಿ ತೀರಿಹೋಗುವಾಗ ಅವಳ ತಲೆ ಅತ್ತೆಯ ತೊಡೆಯ ಮೇಲಿತ್ತು. ಗಂಟಿನ ನಿಜವನ್ನು ಆಯಿ ಬಾಯಿ ಬಿಡಲಿಲ್ಲ. ನನಗೂ ಬಾಯಿ ಬಿಡಬೇಡ ಎಂದು ಹೇಳಿರಲಿಲ್ಲ. ಹೇಳುವ ಅಗತ್ಯ ಇದೆ ಎಂದು ಅವಳಿಗೆ ಅನಿಸಿರಲಿಕ್ಕಿಲ್ಲ.

ಈಗ ಅತ್ತೆ ಊರಿಗೇ ಬಂದು, ಅದೇ ಮನೆಯಲ್ಲಿ ಇದ್ದಾಳೆ. ಅವಳಿಗೆ ಓದಲು ಬರುತ್ತದೆ, ಆದರೆ ಕನ್ನಡಕ ಹುಡುಕುವ ತಾಳ್ಮೆ ಇಲ್ಲ. ಆ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ. ರಜೆಗೆ ನಾನು ಮಗಳನ್ನು ಕರೆದುಕೊಂಡು ಹೋದಾಗಲೆಲ್ಲ ಅವಳು ಅಂಟಿನುಂಡಿ ಕಟ್ಟುತ್ತಾಳೆ, ಕಟ್ಟುತ್ತ ಅದೇ ಮಾತು ಆಡುತ್ತಾಳೆ. ನನ್ನ ಮಗಳಿಗೆ ಅದು ಬಾಯಿಪಾಠವಾಗಿದೆ.

"ನಮ್ಮವ್ವಗ ನಾ ಹೇಳದನ ಗೊತ್ತಾಗಿತ್ತು ನೋಡ. ಅಷ್ಟ ದೂರ ಇದ್ದು ಗೊತ್ತಾಗಿತ್ತು. ಹಡದ ಕರಳು ಅಂದ್ರ ಅದು."

ಪ್ರತಿ ಸಲವೂ ನನಗೆ ಮೈ ಉರಿಯುತ್ತದೆ. ಗೊತ್ತಾಗಿರಲಿಲ್ಲ ಅತ್ತೆ, ಒಂದು ಚೂರೂ ಗೊತ್ತಾಗಿರಲಿಲ್ಲ, ಗಂಟು ತಿರುವುಮುರುವು ಮಾಡಿದವಳು ನಾನು, ಅದಕ್ಕೆ ಸಮುದ್ರ ಕಳೆದುಕೊಂಡವಳೂ ನಾನು, ಇವತ್ತಿಗೂ ನಾನು ಅದನ್ನು ನೋಡಿಲ್ಲ ಎಂದು ಕೂಗಬೇಕೆನಿಸುತ್ತದೆ. ಮಾತು ನಾಲಿಗೆಯ ತುದಿಗೆ ಬರುತ್ತದೆ. ಅಷ್ಟರಲ್ಲಿ ಅತ್ತೆ ಮೊದಲ ಉಂಡೆಯನ್ನು ನನ್ನ ಕಡೆ ಚಾಚುತ್ತಾಳೆ. ನಾನು ಅದನ್ನು ಬಾಯಿ ತುಂಬ ತುಂಬಿಕೊಂಡು, ಉತ್ತತ್ತಿ ಕಡಿಮೆಯಾಗಿದೆ ಎನ್ನುತ್ತೇನೆ.